ಮೇಯರ್ ಅವರೇ, ಮೇ 31ರೊಳಗೆ ಆ 50 ಮೀಟರ್ ಸವರಿಸಿ

ಸ್ಪೇನಿನ ಗಲಿಸಿಯಾ ಸೀಮೆಯ ಔರೆನ್ಸೆ ಪ್ರಾಂತ್ಯದ ನಮ್ಮ ಪುರಸಭೆಯ ಮೇಯರ್ ಅವರಿಗೆ,

ನಮಸ್ಕಾರ. ಗಲಿಸಿಯಾದ 2007ರ ಕಾಳ್ಗಿಚ್ಚು ಕಾಯ್ದೆ ತಮಗೆ ಗೊತ್ತಿಲ್ಲದ್ದೇನಲ್ಲ. ಊರಂಚಿನಿಂದ 50 ಮೀಟರ್ ಪಟ್ಟಿಯಲ್ಲಿನ ಗಿಡಗಂಟಿ ಮೇ ಮುಗಿಯುವುದರೊಳಗೆ ಸವರಿರಬೇಕು. ಮಾಲೀಕ ಸವರದಿದ್ದರೆ ನೋಟಿಸು. ನೋಟಿಸು ಮುಟ್ಟಿ 15 ದಿನವಾದರೂ ಅಲ್ಲಾಡದಿದ್ದರೆ ಪುರಸಭೆಯೇ ಕಡಿಸಿ ಖರ್ಚು ವಸೂಲು ಮಾಡಬೇಕು.

ಕಳೆದ ಸಲ ತಾವು ನೋಟಿಸು ಅಂಟಿಸಿದ್ದು ಆಗಸ್ಟ್‌ನಲ್ಲಿ! ಆಗಿನ ಸುಡುಬೇಸಿಗೆಯಲ್ಲಿ ನಮ್ಮ ತೊಶೊ ಮುಳ್ಳುಪೊದೆ ಎಣ್ಣೆಯಲ್ಲಿ ಅದ್ದಿದ ಪಂಜಿನಂತಿರುತ್ತದೆ. ಬ್ರಷ್ ಕಟ್ಟರಿನ ಉಕ್ಕಿನ ಬ್ಲೇಡು ಗ್ರಾನೈಟಿಗೆ ತಾಗಿ ಒಂದು ಕಿಡಿ ಹಾರಿದರೂ ಊರೇ ಹೋಗುತ್ತದೆ. ಈ ಕೆಲಸ ಆಗಬೇಕಾದದ್ದು ಏಪ್ರಿಲ್‌ನಲ್ಲಿ, ಇಬ್ಬನಿ ಆರುವ ಮುಂಚೆ. ಕಲ್ಲಿರುವ ಕಡೆ ಬ್ಲೇಡು ಬಿಚ್ಚಿ ನೈಲಾನ್ ದಾರ ಹಾಕಬೇಕು, ಪಕ್ಕದಲ್ಲೊಬ್ಬ 20 ಲೀಟರಿನ ಬೆನ್ನುಪಂಪು ಹೊತ್ತು ನಿಂತಿರಬೇಕು. ಪೈನ್ ಮರಗಳ ಕೆಳಗಿನ ಕೊಂಬೆಗಳನ್ನು 2 ಮೀಟರ್ ಎತ್ತರದವರೆಗೆ ತೆಗೆಯಬೇಕು. ಇಲ್ಲದಿದ್ದರೆ ನೆಲದ ಬೆಂಕಿ ಏಣಿ ಹತ್ತಿದಂತೆ ತುದಿಗೆ ಹೋಗುತ್ತದೆ. ಕಡಿದ ಜಿಗ್ಗನ್ನು ಹೊರಗೆ ಸಾಗಿಸಬೇಕು. ತಮ್ಮ ಗುತ್ತಿಗೆದಾರರು ಅದನ್ನು ಅದೇ ಮರಗಳ ಬುಡಕ್ಕೆ ರಾಶಿ ಹಾಕಿ ಬಿಲ್ಲು ತೆಗೆದುಕೊಂಡು ಹೋದರು. ಕಡಿಯದೇ ಬಿಟ್ಟಿದ್ದರೆ ಹಸಿಯಾದರೂ ಇರುತ್ತಿತ್ತು.

ಮಾಲೀಕರು ಬ್ಯೂನಸ್ ಐರಿಸ್‌ನಲ್ಲೋ ಸ್ವಿಟ್ಜರ್ಲೆಂಡಿನಲ್ಲೋ ಇದ್ದಾರೆ, ಸಿಗುವುದಿಲ್ಲ ಅನ್ನುತ್ತೀರಿ. ಸರಿ. ಮುಚ್ಚಿದ ಶಾಲೆಯ ಹಿಂದಿನ ಜಾಗದಲ್ಲಿ ಮುಳ್ಳು ಆಳೆತ್ತರ ಬೆಳೆದಿದೆಯಲ್ಲ, ಅದರ ಮಾಲೀಕರೂ ಸಿಗುವುದಿಲ್ಲವೇ? ಅದು ಪುರಸಭೆಯದೇ ಜಾಗ, ಸ್ವಾಮಿ.

ಇನ್ನು ಆ ನೀರಿನ ತೊಟ್ಟಿ. ಬೆಂಕಿ ಆರಿಸುವ ಲಾರಿ ಸುಮಾರು 3,500 ಲೀಟರ್ ಹೊರುತ್ತದೆ. ನಿಮಿಷಕ್ಕೆ 200 ಲೀಟರ್ ಬಿಟ್ಟರೆ ಹದಿನೇಳು ಹದಿನೆಂಟು ನಿಮಿಷಕ್ಕೆ ಖಾಲಿ. ಮತ್ತೆ ತುಂಬಿಸಲು ತೊಟ್ಟಿಗೆ 70 ಮಿಲಿಮೀಟರಿನ, ‘ಬಾರ್ಸಿಲೋನಾ’ ಮಾದರಿಯ ಕೊಳವೆ ಜೋಡಣೆ ಬೇಕು. ಸ್ಪೇನಿನ ಅಗ್ನಿಶಾಮಕ ಕೊಳವೆಗಳಿಗೆ ಕೂರುವುದು ಅದೇ ಎಂದು ತಮಗೆ ನಾವು ಹೇಳಬೇಕೇ? ತಾವು ಕೂರಿಸಿದ್ದು ಹೂತೋಟದ ನಲ್ಲಿ. ನಿಮಿಷಕ್ಕೆ 15 ಲೀಟರಿನಂತೆ ಲಾರಿ ತುಂಬಲು ಹತ್ತಿರ ಹತ್ತಿರ ನಾಲ್ಕು ಗಂಟೆ. ಅಷ್ಟು ಹೊತ್ತು ಕಾಯುವಂತೆ ಬೆಂಕಿಗೂ ಒಂದು ನೋಟಿಸು ಅಂಟಿಸುತ್ತೀರೇನೋ. ಲಾರಿ ತಿರುಗಿಸಲು ಇದ್ದ ಜಾಗದಲ್ಲಿ ಈಗ ಕಸದ ತೊಟ್ಟಿಗಳು ನಿಂತಿವೆ, ಅದನ್ನೂ ನೋಡಿ.

ಜಾತ್ರೆಯ ವೇದಿಕೆ, ದೀಪಗಳಿಗೆ ವಸಂತದಲ್ಲೇ ಹಣ ಬಿಡುಗಡೆಯಾಗುತ್ತದೆ. 50 ಮೀಟರಿಗೆ ಮಾತ್ರ ಪ್ರತಿ ವರ್ಷ ಅನುದಾನ ಇಲ್ಲ. 2025ರ ಆಗಸ್ಟ್‌ನಲ್ಲಿ ನಮ್ಮದೇ ಪ್ರಾಂತ್ಯದ ಲರೌಕೊದಲ್ಲಿ ಹೊತ್ತಿದ ಬೆಂಕಿ 30,000 ಹೆಕ್ಟೇರ್ ದಾಟಿತು. ಉಷ್ಣಾಂಶ 30 ಡಿಗ್ರಿ ಮೀರಿ, ತೇವಾಂಶ ಶೇ. 30ಕ್ಕಿಂತ ಇಳಿದು, ಗಾಳಿ ಗಂಟೆಗೆ 30 ಕಿಲೋಮೀಟರ್ ದಾಟಿದ ದಿನ ವಿಮಾನ ಕರೆಸಿ ಫೋಟೊ ತೆಗೆಸಿಕೊಳ್ಳುವುದೊಂದೇ ಉಳಿಯುತ್ತದೆ.

ಶಾಲೆಯ ಹಿಂದಿನ ಜಾಗ ಮೊದಲು. ಆಮೇಲೆ ಉಳಿದ ಪಟ್ಟಿ. ತೊಟ್ಟಿಗೆ 70ರ ಜೋಡಣೆ. ಮೇ 31ರೊಳಗೆ, ಆಗಸ್ಟ್‌ನಲ್ಲಲ್ಲ.

ಇತಿ,
ಆ 50 ಮೀಟರಿನ ಈಚೆ ಮನೆಯಿರುವವರು