350 ಯೂನಿಟ್‌ಗೆ ಬಿಲ್ ಎಷ್ಟು?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಒಂದು ಕರೆಂಟ್ ಬಿಲ್ ಪ್ರೋಗ್ರಾಂ ಇತ್ತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಓದಿದ ಎಷ್ಟೋ ಜನರಿಗೆ ನೆನಪಿರುತ್ತದೆ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದರೆ ಯೂನಿಟ್‌ಗೆ ಒಂದು ರೂಪಾಯಿ. ಜೊತೆಗೆ ಮೀಟರ್ ಚಾರ್ಜ್ 100 ರೂಪಾಯಿ. ಒಟ್ಟು 400 ದಾಟಿದರೆ ಶೇ 15 ಸರ್‌ಚಾರ್ಜ್. (ಈ ರೇಟಿಗೆ ಕರೆಂಟ್ ಕೊಡುವ ಊರು ಎಲ್ಲಾದರೂ ಇದ್ದರೆ ತಿಳಿಸಿ, ನಾಳೆಯೇ ಅಲ್ಲಿ ಬಾಡಿಗೆ ಮನೆ ಹುಡುಕುತ್ತೇನೆ.)

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಪಾಠ ಮಾಡುವವನಲ್ಲ. ಮಷಿನ್ ಆನ್ ಆಗದಿದ್ದರೆ, ಸೇವ್ ಮಾಡಿದ ಫೈಲ್ ಕಾಣದಿದ್ದರೆ, ಸೆಮಿಕೋಲನ್ ಬಿಟ್ಟು ಹುಡುಗರು ಕಣ್ಣು ಕಣ್ಣು ಬಿಡುತ್ತಿದ್ದರೆ ಓಡಿ ಹೋಗುವವನು. ಈ ಪ್ರೋಗ್ರಾಮನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಒಂದು ದಿನ ಒಬ್ಬ ಹುಡುಗ ಅದನ್ನು ಹತ್ತೇ ನಿಮಿಷದಲ್ಲಿ, ಪುಸ್ತಕ ನೋಡದೆ, ಒಂದೂ ಎರರ್ ಇಲ್ಲದೆ ಟೈಪ್ ಮಾಡಿದ. ನನಗೆ ಖುಷಿಯಾಯಿತು. ಸುಮ್ನೆ ಕುತೂಹಲಕ್ಕೆ, ‘350 ಯೂನಿಟ್ ಕೊಟ್ಟು ನೋಡಪ್ಪಾ’ ಎಂದೆ. 460 ರೂಪಾಯಿ ಎಂದು ಬಂತು. ‘ಈಗ ಕೈಯಲ್ಲಿ ಲೆಕ್ಕ ಹಾಕು’ ಎಂದೆ. 160, 90, 50, ಮೀಟರ್ ಚಾರ್ಜ್ 100. ಸರಿಯಾಗಿ 400. ದಾಟಿಲ್ಲ, ಮುಟ್ಟಿದೆ ಅಷ್ಟೇ. ಮತ್ತೆ ಸರ್‌ಚಾರ್ಜ್ ಯಾಕೆ ಬಿತ್ತು? ಅವನು ‘ಗ್ರೇಟರ್ ದ್ಯಾನ್’ ಗುರುತಿನ ಪಕ್ಕ ಒಂದು ‘ಈಕ್ವಲ್ ಟು’ ಹಾಕಿದ್ದ, ಅಂದರೆ 400 ಮುಟ್ಟಿದರೂ ಸರ್‌ಚಾರ್ಜ್. ತೋರಿಸಿದೆ. ‘ಸರ್, ರೆಕಾರ್ಡ್‌ನಲ್ಲಿ ಹಂಗೇ ಇದೆ’ ಎಂದ.

ರೆಕಾರ್ಡ್ ಎಂದರೆ ಲ್ಯಾಬಿನ ಪ್ರೋಗ್ರಾಂಗಳನ್ನು ಕೈಯಲ್ಲಿ ಬರೆದಿಡುವ ಪುಸ್ತಕ. ತೆಗೆಸಿ ನೋಡಿದರೆ ಹೌದು. ಪಕ್ಕದವಳ ರೆಕಾರ್ಡಿನಲ್ಲೂ ಹಾಗೇ. ಇಡೀ ಬ್ಯಾಚಿನದ್ದೂ ಹಾಗೇ. ಹಾಸ್ಟೆಲಿನ ಯಾವುದೋ ಸೀನಿಯರ್ ಬರೆದಿಟ್ಟ ರೆಕಾರ್ಡು ಕೈಯಿಂದ ಕೈಗೆ ಇಳಿದು ಬಂದಿತ್ತು. ಎಲ್ಲದಕ್ಕೂ ಕೆಂಪು ಇಂಕಿನ ಟಿಕ್, ಸಹಿ, ತಾರೀಖು. ಸಹಿ ಮೇಷ್ಟ್ರದು. ಆದರೆ ರೆಕಾರ್ಡ್ ಕೊಡುವ ಕೊನೇ ದಿನ ಅರವತ್ತು ಪುಸ್ತಕ ಬಂದು ಬಿದ್ದಾಗ ಆ ಟಿಕ್‌ಗಳಲ್ಲಿ ಒಂದಿಷ್ಟು ನಾನೇ ಹಾಕಿದ್ದು, ಒಪ್ಪಿಕೊಳ್ಳುತ್ತೇನೆ. ಹುಡುಗ ಮಷಿನ್ನಿನಲ್ಲಿ ತಪ್ಪು ತಿದ್ದಿದ. ರೆಕಾರ್ಡಿನಲ್ಲಿ ಮಾತ್ರ ತಿದ್ದಲಿಲ್ಲ. ಟಿಕ್ ಬಿದ್ದ ಪುಟದಲ್ಲಿ ಗೀಚಿದರೆ ಮಾರ್ಕ್ಸ್ ಹೋಗುತ್ತದೆ ಎಂಬ ಭಯ.

ಈಗ ಮಾರ್ಕ್ಸಿನ ವಿಷಯಕ್ಕೆ ಬರುತ್ತೇನೆ. ವಿಟಿಯುನ 2018ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಸಿ ಲ್ಯಾಬ್ ಬೇರೆಯೇ ವಿಷಯವಾಗಿತ್ತು. ಇಂಟರ್ನಲ್ (ಕಾಲೇಜೇ ಕೊಡುವ ಮಾರ್ಕ್ಸ್) 40, ಪರೀಕ್ಷೆ 60. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಂ ಬರೆಯಬೇಕು, ಮಷಿನ್ನಿನಲ್ಲಿ ಓಡಿಸಬೇಕು, ವೈವಾ ಎದುರಿಸಬೇಕು. ಚೀಟಿಯನ್ನು ಒಂದೇ ಸಲ ಬದಲಿಸಬಹುದಿತ್ತು, ಆದರೆ ಬದಲಿಸಿದರೆ ಬರವಣಿಗೆಯ ಮಾರ್ಕ್ಸ್ ಸೊನ್ನೆ. ಪರೀಕ್ಷೆಯ ಬೆಳಿಗ್ಗೆ ಲ್ಯಾಬ್ ಬಾಗಿಲಲ್ಲಿ ದೇವರಿಗೆ ಕೈಮುಗಿಯುವವರನ್ನು ನೋಡಿದ್ದೇನೆ. ‘ಮ್ಯಾಟ್ರಿಕ್ಸ್ ಬರದಿರಲಿ’ ಎಂದೇ ಪ್ರಾರ್ಥನೆ. ಬಾಯಿಪಾಠವೇ ಜಾಸ್ತಿ ಇತ್ತು, ಅಲ್ಲವೆನ್ನುವುದಿಲ್ಲ. ಆದರೂ ಪ್ರತಿ ಹುಡುಗನೂ ಒಂದು ಸಲವಾದರೂ ಹೊರಗಿನ ಎಕ್ಸಾಮಿನರ್ ಎದುರು ಮಷಿನ್ ಮುಂದೆ ಒಬ್ಬನೇ ಕೂರುತ್ತಿದ್ದ.

2022ರ ಸ್ಕೀಮಿನಲ್ಲಿ ಥಿಯರಿ, ಲ್ಯಾಬ್ ಎರಡನ್ನೂ ಒಂದೇ ವಿಷಯ ಮಾಡಿದರು. ಇಂಟರ್ನಲ್ 50, ಕೊನೆಯ ಪರೀಕ್ಷೆ 50. ಪೇಪರ್ 100ಕ್ಕೆ ಬರೆದು ಅರ್ಧ ಮಾಡುವುದು. ಲ್ಯಾಬ್ ಮಾರ್ಕ್ಸ್ ಬರೀ ಇಂಟರ್ನಲ್‌ಗೆ ಸೀಮಿತವಾಯಿತು. ಕೊನೆಯ ಪರೀಕ್ಷೆಯಲ್ಲಿ ಲ್ಯಾಬಿನ ಪ್ರಶ್ನೆ ಕೇಳಬಹುದಿತ್ತು, ಅದೂ 20 ಮಾರ್ಕ್ಸ್ ಮೀರದಂತೆ, ಪೆನ್ನು ಪೇಪರಿನಲ್ಲಿ. ಪೇಪರ್ ಎಲ್ಲಿಯೂ ಎರರ್ ತೋರಿಸುವುದಿಲ್ಲ ನೋಡಿ. ಮೇಲೆ ಹೇಳಿದ ಬಿಲ್ ಪ್ರೋಗ್ರಾಮನ್ನು ಹುಡುಗ ಹಾಗೇ ಬರೆದಿಟ್ಟರೆ, ಬಂಡಲ್ ಮುಂದಿಟ್ಟುಕೊಂಡು ಕೂತ ವ್ಯಾಲ್ಯುಯೇಟರ್ 350 ಯೂನಿಟ್ ಹಾಕಿ ನೋಡುತ್ತಾರಾ?

ಇದಕ್ಕೆ ಕಾರಣಗಳೂ ಇವೆ, ಗೊತ್ತು. ಲ್ಯಾಬ್ ಪರೀಕ್ಷೆ ನಡೆಸುವುದು ದೊಡ್ಡ ತಲೆನೋವು. ನಮ್ಮಲ್ಲಿ ಮೂವತ್ತು ಮಷಿನ್, ಒಂದು ಸೆಕ್ಷನ್‌ಗೆ ಎರಡು ಬ್ಯಾಚ್. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೂಗತೊಡಗಿದರೆ ಮಕ್ಕಳಿಗಿಂತ ನನ್ನ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ನಿವೃತ್ತನಾದ ಮೇಲೆ ಮಗಳ ಒತ್ತಾಯಕ್ಕೆ ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) 12 ವಾರದ ಒಂದು ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರಿದೆ. ಅಲ್ಲಿ ಪ್ರೋಗ್ರಾಮನ್ನು ಯಾರೂ ಓದುವುದಿಲ್ಲ, ಓಡಿಸುತ್ತಾರೆ. ಕೆಲವು ಟೆಸ್ಟ್ ಕೇಸ್ (ಓಡಿಸಿ ನೋಡಲು ಕೊಡುವ ಇನ್‌ಪುಟ್) ನಮಗೆ ಕಾಣುತ್ತವೆ, ಕೆಲವು ಮುಚ್ಚಿಟ್ಟಿರುತ್ತವೆ. ಕಾಣುವುದೆಲ್ಲ ಪಾಸಾಯಿತೆಂದು ಮೀಸೆ ತಿರುವಿದ ನಾನು ಮುಚ್ಚಿಟ್ಟ ಒಂದರಲ್ಲಿ ಬಿದ್ದೆ. ಸೊನ್ನೆ ಕೊಟ್ಟರೆ ಏನಾಗುತ್ತದೆಂದು ಯೋಚಿಸಿರಲೇ ಇಲ್ಲ! 12 ಅಸೈನ್‌ಮೆಂಟಿನಲ್ಲಿ ಒಳ್ಳೆಯ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿದು 25 ಮಾರ್ಕ್ಸ್, ಮಿಕ್ಕ 75 ಪರೀಕ್ಷೆಗೆ. ಸರ್ಟಿಫಿಕೇಟ್ ಬೇಕಾದರೆ ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು. ಆ ‘12ರಲ್ಲಿ 8’ ನನಗೆ ಬಹಳ ಹಿಡಿಸಿತು. ಜ್ವರ ಬಂದ ವಾರ, ಊರಹಬ್ಬದ ವಾರ ಮಾರ್ಕ್ಸ್ ನುಂಗುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಇಷ್ಟು ಮಾಡಿದರೆ ಸಾಕು. ಲ್ಯಾಬ್ ಟೆಸ್ಟಿನಲ್ಲಿ ಹಳೇ ಪ್ರೋಗ್ರಾಮನ್ನೇ ಕೊಡಿ, ಆದರೆ ಲೆಕ್ಕ ಬದಲಿಸಿ ಕೊಡಿ. ಗೃಹಜ್ಯೋತಿಯ ಲೆಕ್ಕವನ್ನು ಸ್ವಲ್ಪ ಸರಳ ಮಾಡಿ, 200 ಯೂನಿಟ್‌ವರೆಗೆ ಬಿಲ್ ಸೊನ್ನೆ, ಒಂದೇ ಒಂದು ಯೂನಿಟ್ ದಾಟಿದರೂ ಪೂರ್ತಿ ಬಿಲ್ ಎನ್ನಿ. ಬಾಯಿಪಾಠ ಮಾಡಿದವನು ಅಲ್ಲೇ ನಿಲ್ಲುತ್ತಾನೆ, ಅರ್ಥವಾದವನು ಎರಡು ಸಾಲು ತಿದ್ದಿ ಎದ್ದು ಹೋಗುತ್ತಾನೆ. ಉತ್ತರ ಗೊತ್ತಿರುವ ಐದಾರು ಇನ್‌ಪುಟ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿ ವಿಶ್ವವಿದ್ಯಾಲಯವೇ ಕಳಿಸಲಿ. ಸೊನ್ನೆ, 200, 201, 350 ಅದರಲ್ಲಿರಲಿ. ಎಷ್ಟು ಸರಿ ಬಂತೋ ಅಷ್ಟು ಮಾರ್ಕ್ಸ್.

ರೆಕಾರ್ಡ್ ಬುಕ್ ಬೇಕೇ ಬೇಕು ಎನ್ನುವವರಿದ್ದರೆ ಇರಲಿ. ಅದರಲ್ಲಿ ಪ್ರೋಗ್ರಾಂ ಬರೆಸುವ ಬದಲು, ಆ ದಿನ ಯಾವ ಎರರ್ ಬಂತು, ಹೇಗೆ ಸರಿ ಮಾಡಿದೆ ಎಂದು ಅರ್ಧ ಪುಟ ಬರೆಸಲಿ. ಪ್ರೋಗ್ರಾಮನ್ನೇನೋ ಮೊಬೈಲಿನಲ್ಲಿ ಚಾಟ್‌ಜಿಪಿಟಿ ಕೇಳಿದರೆ ಕ್ಷಣದಲ್ಲಿ ಕೊಡುತ್ತದೆ. ಅದನ್ನು ನೋಡಿಕೊಂಡು ರೆಕಾರ್ಡಿಗೆ ಇಳಿಸಲು ಈಗಿನ ಮಕ್ಕಳಿಗೆ ಸೀನಿಯರ್‌ಗಳ ಹಂಗೂ ಬೇಕಿಲ್ಲ.

– ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್, ಅರಸೀಕೆರೆ