ಕ್ಯಾಂಟೀನ್ ಬೆಂಚಿನಲ್ಲಿ ಕೂತ ವಕೀಲರಿಗೆ ಹೆಸರು ಬರುವುದು ಹೇಗೆ?

ಮಾನ್ಯ ಸಂಪಾದಕರೇ,

ಮಡಿಕೇರಿಯಲ್ಲಿ ಹೋಂಸ್ಟೇ ಮಾಡಲು ಕೋಣೆ ಬೇಕು ಅಂದರೆ ಹತ್ತು ಜನ ಬೀಗದಕೈ ಹಿಡಿದು ಬರುತ್ತಾರೆ. ವಕೀಲರ ಆಫೀಸಿಗೆ ಅಂದರೆ ಮುಖ ಮುಖ ನೋಡುತ್ತಾರೆ. ಅಲೆದು ಅನುಭವಿಸಿಯೇ ಈ ಮಾತು ಹೇಳುತ್ತಿದ್ದೇನೆ. ನಾನು ವಕೀಲಿ ಶುರು ಮಾಡಿ ಏಳು ವರ್ಷ ಆಯ್ತು. ಮೊದಲ ಎರಡು ವರ್ಷ ಸೀನಿಯರ್ ಒಬ್ಬರ ಬಳಿ ಇದ್ದೆ. ಅಲ್ಲಿಂದ ಹೊರಗೆ ಬಂದ ಮೇಲೆ ನನ್ನ ಆಫೀಸು ಅಂದರೆ ಕೋರ್ಟ್ ಹತ್ತಿರದ ಕ್ಯಾಂಟೀನಿನ ಬೆಂಚು. ಮಳೆ ಇಲ್ಲದ ದಿನ ಸ್ಕೂಟರಿನ ಸೀಟು.

ಒಂದು ಜುಲೈ ತಿಂಗಳಲ್ಲಿ ಭಾಗಮಂಡಲ ಕಡೆಯ ಅಜ್ಜಿಯೊಬ್ಬರು ಬೆಳಗಿನ ಬಸ್ಸಿಗೆ ಬಂದಿದ್ದರು. ಜಮ್ಮಾ ಬಾಣೆಯ, ಅಂದರೆ ಕೊಡಗಿನಲ್ಲಿ ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಜಮೀನಿನ, ತಕರಾರು. ಆರ್‌ಟಿಸಿ (ಪಹಣಿ) ತುಂಬ ಕುಟುಂಬದವರ ಹೆಸರು. ಎರಡು ಪ್ಲಾಸ್ಟಿಕ್ ಕವರು ಬಿಚ್ಚಿ, ಒದ್ದೆ ಆಗದ ಹಾಗೆ ಸೆರಗಲ್ಲಿ ಟೇಬಲ್ ಒರೆಸಿ, ಕಾಗದಗಳನ್ನು ಒಂದೊಂದಾಗಿ ಹರಡಿದರು. ಅಷ್ಟರಲ್ಲಿ ಅವರ ಕಣ್ಣು ಪಕ್ಕದ ಟೇಬಲಿಗೆ ಹೋಯಿತು. ಯಾರ ಮೇಲೆ ಕೇಸು ಹಾಕಬೇಕು ಅಂತ ಬಂದಿದ್ದರೋ ಅದೇ ಮನುಷ್ಯನ ಮಗ ಅಲ್ಲಿ ಕೂತು ವಡೆ ತಿನ್ನುತ್ತಿದ್ದ. ಅಜ್ಜಿ ಸುಮ್ನೆ ಕಾಗದ ಮಡಚಿದರು. "ನಿಮ್ಮ ಆಫೀಸು ಎಲ್ಲಿ ಮಗಳೇ? ಅಲ್ಲಿಗೇ ಬರ್ತೇನೆ" ಅಂದರು. ನಾನು ಏನು ಹೇಳಲಿ? ಆ ಕೇಸು ಬೇರೆಯವರ ಕೈಗೆ ಹೋಯಿತು, ಅಜ್ಜಿಯದು ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ನಮ್ಮ ಕಷ್ಟ ಏನು ಅಂದರೆ, ಬೇರೆ ಅಂಗಡಿಯವರ ಹಾಗೆ ನಾವು ಜಾಹೀರಾತು ಕೊಡುವ ಹಾಗಿಲ್ಲ. ವಕೀಲರಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ಅದನ್ನು ತಡೆಯುತ್ತದೆ. ಬೋರ್ಡು ಕೂಡ ಅಳತೆ ಮೀರಬಾರದು. ಇಂಥ ಕೇಸಿನಲ್ಲಿ ಪರಿಣತ ಅಂತಾಗಲೀ, ಹಿಂದೆ ಜಡ್ಜ್ ಆಗಿದ್ದೆ ಅಂತಾಗಲೀ ಅದರ ಮೇಲೆ ಬರೆಸಬಾರದು. 2008ರಲ್ಲಿ ಸ್ವಲ್ಪ ಸಡಿಲಿಸಿ, ಹೆಸರು, ವಿಳಾಸ, ಓದು, ನೋಂದಣಿ ಸಂಖ್ಯೆ, ಯಾವ ಬಗೆಯ ಕೇಸು ನೋಡುತ್ತೇವೆ ಅನ್ನುವಷ್ಟನ್ನು ವೆಬ್‌ಸೈಟಿನಲ್ಲಿ ಹಾಕಲು ಬಿಟ್ಟರು. ಆದರೆ ನಾಪೋಕ್ಲಿನಿಂದ ಬಸ್ಸು ಹತ್ತಿ ಬರುವವರು ವೆಬ್‌ಸೈಟ್ ನೋಡಿ ವಕೀಲರನ್ನು ಹುಡುಕುವುದಿಲ್ಲ, ಅಲ್ವಾ? ಊರಲ್ಲಿ ಯಾರನ್ನೋ ಕೇಳುತ್ತಾರೆ. ಅವರು ಹೆಸರು ಹೇಳಿ, ಇಂಥ ಕಡೆ ಮೆಟ್ಟಿಲು ಹತ್ತಿದರೆ ಸಿಗ್ತಾರೆ ಅನ್ನುತ್ತಾರೆ. ಆ ಮೆಟ್ಟಿಲೇ ಇಲ್ಲದಿದ್ದರೆ ಹೇಳುವವರಾದರೂ ಏನು ಹೇಳಬೇಕು?

ಹಾಗಾಗಿ ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ಒಂದು ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದೆವು. ನಾವು ಪಾಲುದಾರರಲ್ಲ. ಕೇಸು ಅವರವರದು, ಫೀಸು ಅವರವರದು, ಬಾಗಿಲಲ್ಲಿ ಚಿಕ್ಕ ಚಿಕ್ಕ ನಾಲ್ಕು ನಾಮಫಲಕ. ಬಾಡಿಗೆ, ಕ್ಲರ್ಕ್ ಸಂಬಳ, ಪ್ರಿಂಟರು, ಇ-ಫೈಲಿಂಗಿಗೆ ಬೇಕಾದ ಸ್ಕ್ಯಾನರು, ಕಾನೂನು ಪತ್ರಿಕೆಗಳ ಚಂದಾ ಮಾತ್ರ ಹಂಚಿಕೆ. ಮತ್ತೆ ಒಂದು ಬೀರು. ಅದರೊಳಗೆ ಮಳೆಗಾಲ ಪೂರ್ತಿ ಒಂದು ಬಲ್ಬು ಉರಿಯುತ್ತಿರುತ್ತದೆ. ಎಲ್‌ಇಡಿ ಅಲ್ಲ, ಹಳೇ ಹಳದಿ ಬಲ್ಬು, ಬಿಸಿ ಕೊಡುವುದು ಅದೇ. ನಮ್ಮ ಊರಿನ ಮಳೆಯಲ್ಲಿ ಫೈಲಿಗೆ ಬೂಷ್ಟು ಹಿಡಿಯಲು ಒಂದು ವಾರ ಸಾಕು. ವಕೀಲರು ತೆಗೆದ ಫೈಲು ಗರಿಗರಿಯಾಗಿದ್ದರೆ ಕಕ್ಷಿದಾರರಿಗೆ ಅರ್ಧ ನಂಬಿಕೆ ಬಂದುಬಿಡುತ್ತದೆ. ನಗಬೇಡಿ, ನಿಜ.

ಹೆಸರು ಬಂದದ್ದು ಮಾತ್ರ ನಾನು ಅಂದುಕೊಂಡ ದಾರಿಯಲ್ಲಿ ಅಲ್ಲ. ಬೋರ್ಡ್ ನೋಡಿ ಜನ ಬರುತ್ತಾರೆ ಅಂತ ಕಾದಿದ್ದೆ. ಬಂದವರು ಬೆರಳೆಣಿಕೆ. ನಮ್ಮ ನಾಲ್ವರಲ್ಲಿ ಹಿರಿಯರೊಬ್ಬರು ಅಪಘಾತ ಪರಿಹಾರದ ಕೇಸು ಜಾಸ್ತಿ ನೋಡುತ್ತಾರೆ. ಒಂದು ಸಂಜೆ ನಾನು ಕ್ಲರ್ಕಿಗೆ ಒಂದು ವಿಭಾಗ ದಾವೆಯ (ಆಸ್ತಿಯಲ್ಲಿ ಪಾಲು ಕೇಳುವ ಕೇಸಿನ) ಡಿಕ್ಟೇಶನ್ ಕೊಡುತ್ತಿದ್ದೆ. ಅವರು ಆ ಕಡೆಯಿಂದಲೇ, "ವಂಶವೃಕ್ಷ ಮೊದಲು ಹಾಕಮ್ಮ, ಆಮೇಲೆ ಆಸ್ತಿ ಪಟ್ಟಿ" ಅಂದರು. ನಾನು ತಿದ್ದಿದೆ. ಎರಡು ತಿಂಗಳ ನಂತರ ಅವರ ಹಳೇ ಕಕ್ಷಿದಾರರೊಬ್ಬರಿಗೆ ಜಾಗದ ತಕರಾರು ಬಂತು. "ಅದನ್ನು ಆ ಟೇಬಲಿನ ಲಾಯರಮ್ಮ ನೋಡ್ತಾರೆ" ಅಂತ ಕಳಿಸಿದರು. ಈಗ ನನ್ನ ಹತ್ತಿರ ಇರುವ ಜಮೀನಿನ ಕೇಸುಗಳಲ್ಲಿ ಅರ್ಧ ಹಾಗೆ ಬಂದವು. ನಮ್ಮ ಕೆಲಸ ನೋಡುವ ಇನ್ನೊಬ್ಬ ವಕೀಲ ಪಕ್ಕದಲ್ಲಿ ಇರಬೇಕು, ಬೆಂಚಿನ ಮೇಲೆ ಕೂತಾಗ ನನಗೆ ಇಲ್ಲದೇ ಹೋದದ್ದು ಅದೇ. ದಲ್ಲಾಳಿಗಳಿಗೆ ಫೀಸಲ್ಲಿ ಪಾಲು ಕೊಟ್ಟು ಕೇಸು ಹಿಡಿಯುವವರೂ ಇದ್ದಾರೆ. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳಬಾರದು ಅಂತ ನಿಯಮವೇ ಇದೆ, ಅದು ಯಾರಿಗೆ ಗೊತ್ತಿಲ್ಲ ಹೇಳಿ?

ಕೆಟ್ಟ ಹೆಸರೂ ಹಂಚಿಕೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲೇ ಒಬ್ಬರು ಒಂದು ವಾಯಿದೆಗೆ, ಅಂದರೆ ಕೋರ್ಟ್ ಕೊಟ್ಟ ವಿಚಾರಣೆಯ ದಿನಕ್ಕೆ, ಹೋಗದೆ ಕೇಸು ವಜಾ ಆಯಿತು. ಕಕ್ಷಿದಾರ ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದು ಕೆಳಗಿನ ಅಂಗಡಿಯವರೆಗೆ ಕೇಳಿಸಿತು. ಆಮೇಲೆ ಒಂದು ತಿಂಗಳು ನನ್ನ ಕಕ್ಷಿದಾರರೂ "ನಮ್ಮ ಡೇಟ್ ಯಾವಾಗ?" ಅಂತ ದಿನಾ ಫೋನು. ಈಗ ಗೋಡೆಯ ಮೇಲೆ ನಾಲ್ವರ ವಾಯಿದೆಗಳೂ ಒಂದೇ ಕ್ಯಾಲೆಂಡರಿನಲ್ಲಿ ಇವೆ. ಕೇಸ್ ನಂಬರ್ ಮಾತ್ರ, ಹೆಸರಿಲ್ಲ. ಒಬ್ಬರು ಸೋಮವಾರಪೇಟೆ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಇಲ್ಲಿ ಇನ್ನೊಬ್ಬರು ಎದ್ದು ನಿಂತು ಸಮಯ ಕೇಳುತ್ತಾರೆ.

ಇದಕ್ಕಿಂತ ದೊಡ್ಡ ತಲೆನೋವು ಗುಟ್ಟಿನದು. ಕಕ್ಷಿದಾರ ವಕೀಲರಿಗೆ ಹೇಳಿದ್ದು ಹೊರಗೆ ಹೋಗಬಾರದು. ಹಳೇ ಸಾಕ್ಷ್ಯ ಕಾಯ್ದೆಯ 126ನೇ ಕಲಮು ಹೇಳುತ್ತಿದ್ದದ್ದು ಅದನ್ನೇ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಅದು ಇದೆ. ಆದರೆ ಪ್ಲೈವುಡ್ ಪಾರ್ಟಿಶನ್ನಿಗೆ ಕಲಮು ಗೊತ್ತಿಲ್ಲವಲ್ಲ! ಡಿಕ್ಟೇಶನ್ ಕೇಳಿಸಿ ನನಗೆ ಲಾಭ ಆಯಿತು ನಿಜ, ಅದೇ ದಿನ ಪಾರ್ಟಿಶನ್ನಿನ ಆ ಕಡೆ ಎದುರುದಾರ ಕೂತಿದ್ದರೆ? ಅದಕ್ಕೇ ಒಳಗಿನ ಕೋಣೆಯನ್ನು ಮಾತುಕತೆಗೆ ಮಾತ್ರ ಇಟ್ಟುಕೊಂಡೆವು, ಸರದಿ ಪ್ರಕಾರ ಬಳಸುತ್ತೇವೆ. ಡಿಕ್ಟೇಶನ್ ಕೂಡ ಈಗ ಅಲ್ಲೇ. ಹೊಸ ಕೇಸು ಒಪ್ಪುವ ಮೊದಲು ಎದುರುದಾರರು ನಮ್ಮಲ್ಲೇ ಯಾರದಾದರೂ ಕಕ್ಷಿದಾರರಾ ಅಂತ ಕೇಳಿಕೊಳ್ಳುತ್ತೇವೆ. ಕೊಡಗು ಚಿಕ್ಕ ಊರು, ಒಂದು ಕುಟುಂಬದ ಎರಡು ಕವಲು ಒಂದೇ ಮೆಟ್ಟಿಲು ಹತ್ತಿ ಬರಲು ಎಷ್ಟು ಹೊತ್ತು? ಎರಡು ಸಲ ಹೀಗೆ ಬಂದ ಕೇಸನ್ನು ವಾಪಸ್ ಕಳಿಸಿದ್ದೇವೆ.

ಬೆಂಗಳೂರಿನ ಗಾಜಿನ ಕೋವರ್ಕಿಂಗ್ ಜಾಗವನ್ನು (ಹಲವರು ಹಂಚಿಕೊಂಡು ಕೂರುವ ಆಫೀಸನ್ನು) ಇಲ್ಲಿಗೆ ತನ್ನಿ ಅಂತ ನಾನು ಕೇಳುತ್ತಿಲ್ಲ. ಗಾಜಿನೊಳಗೆ ಕೂತು ಯಾರು ವಿಚ್ಛೇದನದ ಮಾತಾಡುತ್ತಾರೆ? ಕೇಳುವುದು ಇಷ್ಟೇ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ, ಈ ಊರುಗಳಲ್ಲಿ ನಗರಸಭೆ, ಪುರಸಭೆ, ಪಂಚಾಯಿತಿಯ ಮಳಿಗೆಗಳ ಮಹಡಿ ಖಾಲಿ ಇದ್ದರೆ, ವಕೀಲರ ಸಂಘಗಳು ಬಾಡಿಗೆಗೆ ಹಿಡಿದು ಕಿರಿಯರಿಗೆ ಟೇಬಲ್ ಲೆಕ್ಕದಲ್ಲಿ ಕೊಡಲಿ. ಕಿರಿಯ ವಕೀಲರಿಗೆ ತಿಂಗಳಿಗೆ ಪಟ್ಟಣದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿ ಆದರೂ ಕೊಡಿ ಅಂತ ಸೀನಿಯರುಗಳಿಗೆ ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ಆದರೆ ಕೈಗೆ ಬಸ್ ಚಾರ್ಜ್ ಮಾತ್ರ ಸಿಗುವ ಹುಡುಗ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ, ಅವರು ಅಡ್ವಾನ್ಸ್ ಎಲ್ಲಿಂದ ತರಬೇಕು?

ಕೋಣೆ ಕೊಡಲು ಮನಸ್ಸಿರುವ ಮಾಲೀಕರು ಈ ಪತ್ರ ಓದಿದರೆ ಒಂದು ಮಾತು. ಬಣ್ಣ ಹೊಡೆಸದಿದ್ದರೂ ಪರವಾಗಿಲ್ಲ, ಸೋರದ ಹಾಗೆ ನೋಡಿಕೊಳ್ಳಿ. ಒಂದು ಕೋಣೆಯ ಗೋಡೆಯಾದರೂ ಚಾವಣಿವರೆಗೆ ಇರಲಿ.

– ಓರ್ವ ವಕೀಲೆ, ಮಡಿಕೇರಿ