381654729: ಪ್ರಯತ್ನಿಸುವ ಮುನ್ನ ಓದಿ

ಸದಸ್ಯರೇ, 381654729ರಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ. ಎಡದಿಂದ 38 ತೆಗೆದುಕೊಂಡರೆ 2ರಿಂದ ಭಾಗವಾಗುತ್ತದೆ, 381 ಆದರೆ 3ರಿಂದ, 3816 ಆದರೆ 4ರಿಂದ, ಹೀಗೇ 9ರವರೆಗೂ. ಇಂಥ ಸಂಖ್ಯೆ ಇದೊಂದೇ!

ಹುಡುಕಲು 362880 ಜೋಡಣೆಗಳನ್ನೂ ತಡಕಬೇಕಿಲ್ಲ. ಐದನೇ ಸ್ಥಾನಕ್ಕೆ 5 ಇಡಿ. ಸಮ ಸ್ಥಾನಗಳಲ್ಲಿ ಸಮ ಅಂಕಿಗಳೇ ಇರಬೇಕು. ಮೂರನೆಯದು ಬೆಸ, ಆದ್ದರಿಂದ ನಾಲ್ಕನೆಯದು 2 ಅಥವಾ 6; ಎಂಟನೆಯದೂ ಅಷ್ಟೇ. ನಡುವಿನ ಮೂರು ಅಂಕಿಗಳ ಮೊತ್ತ 3ರಿಂದ ಭಾಗವಾಗಬೇಕಲ್ಲ, ಹಾಗಾಗಿ ಅಲ್ಲಿ 258 ಇಲ್ಲವೇ 654 ಮಾತ್ರ ಉಳಿಯುತ್ತದೆ.

ಹೆಚ್ಚಿನವರು ಎಡವುವುದು 7ರಲ್ಲಿ. 183654729 ಉಳಿದೆಲ್ಲ ಪರೀಕ್ಷೆಯನ್ನೂ ದಾಟುತ್ತದೆ, ಆದರೆ 1836547ನ್ನು 7ರಿಂದ ಭಾಗಿಸಿದರೆ ಶೇಷ 6. ಈ ಹಂತದಲ್ಲಿ ಅಂದಾಜು ಬೇಡ, ಭಾಗಿಸಿಯೇ ನೋಡಿ.